ವಿಕ್ರಾಂತ ಮಾಡಿದ ಉಪಕಾರ

ವಿಕ್ರಾಂತನನ್ನು ನಾನು ಒಮ್ಮೆ ಬೇಡ ಎಂದಿದ್ದೆ. ಅಥಣಿ ಕಡೆ ಮೂವತ್ತು ಎಕರೆ ದ್ರಾಕ್ಷಿ ತೋಟದವನು. ಹೆಣ್ಣು ನೋಡಲು ಬಂದು, "ನಿಮ್ಮ ಮನಿತನ ನಮಗ ತಕ್ಕದ್ದಲ್ಲ, ನಿಮ್ಮವ್ವನ ಬಾಯಿ ಭಾಳ ಆತು. ಆದ್ರೂ ನನ್ನ ಮನಸ್ಸು ಕೇಳವಲ್ದು" ಅಂದಿದ್ದ. ಪ್ರೀತಿ ಹೇಳುವ ರೀತಿಯೇ ಇದು? ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿದ್ದೆ.

ತಿಂಗಳೊಳಗೆ ನನ್ನ ತಂಗಿ ಸಪನಾ, ಹತ್ತೊಂಬತ್ತರವಳು, ಬೋರಗಾಂವದ ಮಗ್ಗದ ಕಾರ್ಖಾನೆಯ ನಿತಿನನ ಜೊತೆ ಓಡಿಹೋದಳು. ಸಿಹಿಮಾತಿನ ಪೋಕರಿ ಅವನು. ಅಪ್ಪ ನಮ್ಮೂರು ಪಾಲಬಾವಿಯ ಓಣಿಯಲ್ಲಿ ಎಂಟು ದಿನ ತಲೆ ಎತ್ತಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ವಿಕ್ರಾಂತನ ಜೀಪು ಅಂಗಳಕ್ಕೆ ಬಂತು. ಆಳುಗಳು ನಿತಿನನನ್ನು ಕೆಳಗೆ ಎಳೆದುಹಾಕಿದರು. ಒಂದು ಕಣ್ಣು ಮುಚ್ಚಿಹೋಗಿತ್ತು, ಹಲ್ಲು ಮುರಿದು ಅಂಗಿಯೆಲ್ಲ ರಕ್ತ. ಏಳಲು ಹೋದವನ ಪಕ್ಕೆಗೆ ವಿಕ್ರಾಂತ ಬೂಟುಗಾಲಿನಿಂದ ಒದ್ದ. ಹಿಂದೆ ಸಪನಾ ಇಳಿದಳು. ಕೊರಳಲ್ಲಿ ಅರಿಷಿಣ ಕೊಂಬು ಕಟ್ಟಿದ ದಾರವಿತ್ತು.

"ದಾರ್ಯಾಗ ಗುಡಿ ಮುಂದ ಇವನ ಕೈಲೆ ತಾಳಿ ಕಟ್ಟಿಸೇನಿ. ನಿಮ್ಮ ಮರ್ಯಾದಿ ಉಳೀತು" ಎಂದ ವಿಕ್ರಾಂತ.

ಅಪ್ಪ ಅವನ ಕಾಲಿಗೆ ಬಿದ್ದರು. "ದೇವರು ಬಂದಂಗ ಬಂದ್ರಿ, ಸಾವಕಾರ್ರ."

ಸುಳ್ಳೇಕೆ, ನನ್ನ ಮನಸ್ಸೂ ಕರಗಿತು. ನನಗಾಗಿ ಇಷ್ಟು ಮಾಡಿದನಲ್ಲ ಎಂದು ಒಂದು ಗಳಿಗೆ ಅವನು ಚೆಲುವನಾಗಿಯೂ ಕಂಡ. ನಮ್ಮ ಕಡೆ ನಿಶ್ಚಯಕ್ಕೆ ಕೊಡುವ ಸಕ್ಕರೆ ಪೊಟ್ಟಣವನ್ನು ಜೇಬಿನಿಂದ ತೆಗೆದು ಚಾಚಿದ.

"ಈಗರೆ ಹೂಂ ಅಂತಿಯಿಲ್ಲ, ಸೌಂದರ್ಯಾ?"

ಸಪನಾ ನನ್ನ ತೋಳು ಹಿಡಿದಳು. "ಅಕ್ಕಾ, ನಿತಿನ ಹೊಡೀತಾನಂತ ನಾನ ಅವನ್ನ ಬಿಟ್ಟು ಊರಿಗೆ ಹೊಂಟಿದ್ದೆ. ಹಾರೂಗೇರಿ ಬಸ್ ಸ್ಟ್ಯಾಂಡಿನ್ಯಾಗ ಇವರು ನನ್ನ ಹಿಡಿದ್ರು. ತಾಳಿ ಬ್ಯಾಡ ಅಂದ್ರ ಕೈ ತಿರುವಿದ್ರು." ಅವಳ ಮಣಿಕಟ್ಟು ಬಾತು ನೀಲಿಯಾಗಿತ್ತು.

"ಓಡಿಹೋದಾಕಿನ್ನ ಏನ್ ಕೇಳೂದು?" ವಿಕ್ರಾಂತ ನಕ್ಕ.

ಪೊಟ್ಟಣ ಅವನ ಮುಖಕ್ಕೆ ಎಸೆದು ಕಪಾಳಕ್ಕೆ ಬಾರಿಸಿದೆ. ಅವನು ಬಾಯಿಗೆ ಗುದ್ದಿದ, ತುಟಿ ಸೀಳಿತು. ನಾನು ಮತ್ತೆ ಕೈ ಎತ್ತಿದೆ. ಅಪ್ಪ ಓಡಿಬಂದು ಕೈ ಹಿಡಿದರು. ಅವನದಲ್ಲ, ನನ್ನದು.

"ತಪ್ಪಾತು ಅನ್ನವ್ವ. ಸಪನಾ ಗಂಡನ ಮನಿಗೆ ಹೋಗ್ತಾಳ."

ಎತ್ತಿ ಆಡಿಸಿದ ಆ ಕೈಯನ್ನೇ ಎಲುಬು ಸಿಗುವವರೆಗೆ ಕಚ್ಚಿದೆ. ಅಪ್ಪ ಚೀರಿ ಹಿಡಿತ ಬಿಟ್ಟರು. ಸಪನಾಳನ್ನು ಎಳೆದುಕೊಂಡು ರಸ್ತೆಗೆ ಓಡಿದೆ. ಆಳುಗಳು ಬೆನ್ನು ಹತ್ತುವಷ್ಟರಲ್ಲಿ ಬಸ್ಸು ಸಿಕ್ಕಿತು.

ಠಾಣೆಯಲ್ಲಿ, "ಯಾರ್ಯಾರ ಮ್ಯಾಲ ಬರೀಬೇಕವಾ?" ಎಂದು ಕೇಳಿದರು.

ನಿತಿನ, ವಿಕ್ರಾಂತ ಎಂದು ತಟ್ಟನೆ ಹೇಳಿದೆ. ಮೂರನೆಯದಕ್ಕೆ ಅಳು ಒತ್ತರಿಸಿ ಬಂತು. ಆದರೂ ಹೇಳಿದೆ: ಮುರಗೆಪ್ಪ, ನಮ್ಮಪ್ಪ.