ಹೂವಾಡಿದ ಹುಲ್ಲು

ನನ್ನ ಅತ್ತೆ ಸೂರಮ್ಮನವರ ಪ್ರಕಾರ ನನ್ನ ಕಾಯಿಲೆಯ ಹೆಸರು ತವರಿನ ಹುಚ್ಚು. ಚಳ್ಳಕೆರೆಯ ಡಾಕ್ಟರು ಇಟ್ಟ ಹೆಸರು ಬೇರೆ. ಮಳೆ ನಿಂತ ಮೇಲೆ ನಿನ್ನ ಗಂಡನ ಊರು ಕುದಾಪುರದ ಹುಲ್ಲುಗಾವಲೆಲ್ಲ ಹೂವಾಡುತ್ತದೆ, ಆ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ, ಅದರ ಪರಾಗ ನಿನಗೆ ಆಗಿಬರುವುದಿಲ್ಲ, ಅಲರ್ಜಿ ಎಂದಿದ್ದರು.

"ಹುಲ್ಲಿಗೂ ಹೂವಾ?" ಎಂದು ಅತ್ತೆ ನಕ್ಕರು. "ನಾನು ಅದೇ ಹುಲ್ಲಾಗೆ ಕುರಿ ಮೇಯಿಸ್ಕಂಡು ಬೆಳ್ದೋಳು. ನನಗ್ಯಾಕೆ ಬರ್ಲಿಲ್ಲ?"

ಮದುವೆಯಾಗಿ ಬಂದ ಬೇಸಿಗೆಯಲ್ಲಿ ನಾನೂ ಚೆನ್ನಾಗಿಯೇ ಇದ್ದೆ. ಮಳೆಗಾಲ ಕಳೆದ ಮೇಲೆ ಸೀನು, ಕಣ್ಣುರಿ, ಕೊನೆಗೆ ಉಬ್ಬಸ. ದೇವಸಮುದ್ರದ ತವರಿಗೆ ಹೋದರೆ ಎಲ್ಲ ಮಾಯ. ಅಲ್ಲಿ ಕಲ್ಲುಗುಡ್ಡ, ಒಣಭೂಮಿ, ಹುಲ್ಲೇ ಅಪರೂಪ. ಆದರೆ ಅತ್ತೆಗೆ ಇಷ್ಟೇ ಸಾಕಿತ್ತು. ತವರಲ್ಲಿ ವಾಸಿ, ಗಂಡನ ಮನೆಯಲ್ಲಿ ಉಬ್ಬಸ, ಸೋಗಲ್ಲದೆ ಇನ್ನೇನು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಸಿರಿಗೆ ಒದ್ದಾಡುವವಳು ಸಾಕ್ಷಿ ಎಲ್ಲಿಂದ ತರಬೇಕು? ಮೊದಲ ದೀಪಾವಳಿಗೆ ತವರಿಗೆ ಕಳಿಸುವಾಗಲೇ ಹೇಳಿದ್ದರು: "ಇದೇ ಕೊನೆ. ಇನ್ನು ವರ್ಷ ತುಂಬೋಗಂಟ ತವರಿನ ಮಾತೆತ್ತಬ್ಯಾಡ."

ಹಬ್ಬ ಮುಗಿದ ಮೇಲೆ ಕರೆದೊಯ್ಯಲು ಅತ್ತೆಯೇ ಬಂದರು. ಬೀಗರ ಮನೆಗೆ ಬರಿಗೈಲಿ ಬರುವುದು ಅವರಿಗೆ ಅವಮಾನ. ಅಪ್ಪನ ಎಮ್ಮೆಗೆಂದು ಲಗೇಜ್ ಆಟೋ ತುಂಬ ಕುದಾಪುರದ ಹುಲ್ಲು ಹೇರಿಸಿಕೊಂಡು ಬಂದಿದ್ದರು. ಆಗಷ್ಟೇ ಕೊಯ್ದದ್ದು, ತೆನೆಯ ಸಮೇತ. ಅಪ್ಪನ ಮುಖ ಅರಳಿತು. ನಾನು ಸೆರಗು ಮೂಗಿಗೆ ಒತ್ತಿಕೊಳ್ಳಹೋದೆ. ಆದರೂ ಹಿಂದೆ ಸರಿದರೆ ಅದೂ ಸೋಗಾಗುತ್ತದೆಂದು ಹಟಕ್ಕೆ ಬಿದ್ದು ಹೊರೆಗೆ ಕೈ ಹಾಕಿದೆ.

ಹಗ್ಗ ಬಿಚ್ಚಿ ಹುಲ್ಲು ಕೊಡವಿದ್ದೇ ತಡ, ಸೀನು ಶುರುವಾಯಿತು. ಕಣ್ಣು ಊದಿಕೊಂಡವು. ತವರಿನ ಅಂಗಳದಲ್ಲೇ, ಅತ್ತೆಯ ಎದುರಿಗೇ ಎದೆ ಸುಯ್ಗುಟ್ಟತೊಡಗಿತು. ಅವ್ವ ಇನ್‌ಹೇಲರ್ ತರಲು ಒಳಗೆ ಓಡಿದಳು. ಉಸಿರು ಸಿಗದಿದ್ದರೂ ನನಗೆ ಒಳಗೊಳಗೇ ಖುಷಿ. ಈಗ ಏನಂತಾರೆ ನೋಡೋಣ!

ಅತ್ತೆ ಹುಲ್ಲನ್ನು ಮತ್ತೆ ಆಟೋಗೆ ತುಂಬಿಸಿ ಊರಾಚೆ ಕಳಿಸಿದರು. ನನ್ನನ್ನು ಒಳಗೆ ಕೂರಿಸಿ ಸೆರಗು ಒದ್ದೆ ಮಾಡಿಕೊಂಡು ಮುಖ ಒರೆಸಿದರು. ಉಸಿರು ಹದಕ್ಕೆ ಬರುವವರೆಗೂ ನನ್ನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಈಗ ನಂಬ್ತೀರಾ ಅತ್ತೆ?" ಎಂದೆ.

"ನಂಬ್ದೆ ಕಣವ್ವ." ಅತ್ತೆ ಒದ್ದೆ ಸೆರಗು ಹಿಂಡಿದರು. "ಸೋಗಾಗಿದ್ರೇ ಚೆನ್ನಾಗಿತ್ತು. ಬೈದಾದ್ರೂ ಬಿಡಿಸ್ತಿದ್ದೆ. ಗಾಳೀನ ಹೆಂಗೆ ಬೈಯ್ಲಿ?"