ದುಂಡಪ್ಪ ವಸ್ತಾದರ ನೊರೆಹಾಲು

ದೊಡವಾಡದಲ್ಲಿ ಈಚೆಗೆ ಅತಿ ಗಂಭೀರವಾದ ಘಟನೆಯೊಂದು ನಡೆಯಿತು. ಗುಡಿಕಟ್ಟೆಯಲ್ಲಿ ಹಿರಿಯರು ಅದನ್ನು ಚರ್ಚಿಸಿದರು. ಬೈಲಹೊಂಗಲದ ಬಸ್ಸಿನಲ್ಲಿ ಅದು ಮಾತಾಯಿತು, ಇಳಿಯುವ ಹೊತ್ತಿಗೆ ಎರಡು ಪಕ್ಷಗಳೂ ಆದವು. ಘಟನೆ ಇಷ್ಟೆ: ಒಬ್ಬ ಹುಡುಗಿ ದುಂಡಪ್ಪ ವಸ್ತಾದರ ಎಮ್ಮೆಯ ಒಂದು ಚಮಚ ಹಾಲು ಕೇಳಿದಳು.

ದುಂಡಪ್ಪ ನಮ್ಮೂರ ಗರಡಿಮನೆಯ ಗುರು. ಕುಸ್ತಿ ಕಲಿಸುವವರನ್ನು ಈ ಕಡೆ ವಸ್ತಾದ ಎನ್ನುತ್ತಾರೆ. ಅವರ ಎಮ್ಮೆಗೂ ಊರಲ್ಲಿ ಅವರಷ್ಟೇ ಮರ್ಯಾದೆ. ಬೆಳಗಿನ ಸಾಮು ಮುಗಿಸಿದ ಪೈಲವಾನರು ಕೊಟ್ಟಿಗೆಯ ಮುಂದೆ ಸಾಲಾಗಿ ಕೂರುತ್ತಾರೆ. ಕೆಚ್ಚಲಿನಿಂದ ಆಗಷ್ಟೇ ಇಳಿದ ಬೆಚ್ಚನೆಯ ನೊರೆಹಾಲು ಚೊಂಬುಚೊಂಬಾಗಿ ಹೊಟ್ಟೆ ಸೇರುತ್ತದೆ. ಕಾಯಿಸಿದರೆ ಹಾಲಿನ ತಾಕತ್ತು ಉಗಿಯ ಜೊತೆ ಹಾರಿಹೋಗುತ್ತದೆ ಎಂಬುದು ವಸ್ತಾದರ ಸಿದ್ಧಾಂತ. ಚಹಾದ ಹಾಲನ್ನು ಬೇಕಾದರೆ ಕಾಯಿಸಬಹುದು. ಚಹಾ ಕುಡಿಯುವವರು ಎಲ್ಲಿ ಕುಸ್ತಿ ಆಡುತ್ತಾರೆ?

ಹಾಲು ಕೇಳಿದವಳು ಸ್ನೇಹಲ್, ಇದೇ ಊರಿನ ಕೃಷ್ಣವ್ವನ ಮಗಳು. ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗದಲ್ಲಿ ಸಂಶೋಧನೆ ಮಾಡುತ್ತಾಳೆ. ಆ ವಿಭಾಗದ ಸಾಧನೆಯ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟ ಬಂದಿತ್ತು. ನಮ್ಮೂರಿಗೆ ಆ ಪುಟ ತಲುಪಿದ್ದು ಮಿರ್ಚಿ ಭಜಿ ಕಟ್ಟಿಸಿಕೊಂಡು, ಹಾಗಾಗಿ ಎಣ್ಣೆ ಮೆತ್ತದ ಸಾಲುಗಳನ್ನಷ್ಟೇ ಜನ ಓದಿಕೊಂಡರು. ಓದದೆ ಉಳಿದದ್ದು ಇದು: ಎಮ್ಮೆ, ಆಕಳು, ಆಡುಗಳಿಗೆ ಬರುವ ‘ಕಂದು ಹಾಕುವ ರೋಗ’ವನ್ನು ಒಂದು ಚಮಚ ಹಾಲಿನಲ್ಲೇ ಗುರುತಿಸುವ ಕಾಗದದ ಪಟ್ಟಿಯನ್ನು ಸ್ನೇಹಲ್ ಮತ್ತು ಅವಳ ಜೊತೆಗಾರರು ಸಿದ್ಧಪಡಿಸಿದ್ದರು. ಪ್ರಯೋಗಾಲಯದಲ್ಲಿ ಪಟ್ಟಿ ಗೆದ್ದಿತ್ತು. ಸಗಣಿ, ನೊಣಗಳ ನಡುವೆ ಗೆಲ್ಲುತ್ತದೆಯೇ ಎಂದು ನೋಡಲು ಅವಳು ಸಂಪಗಾಂವದಿಂದ ಹಿಡಿದು ಊರೂರು ತಿರುಗುತ್ತಿದ್ದಳು.

ಹಾಲಿನ ಪರೀಕ್ಷೆ ಎಂದರೆ ವಸ್ತಾದರಿಗೆ ಗೊತ್ತಿದ್ದ ಅರ್ಥ ಒಂದೇ: ನೀರು ಹಾಕಿದ್ದಾರೋ ಇಲ್ಲವೋ. ಅವಮಾನವಾಯಿತು. ಮೇಲಾಗಿ ಅಂದು ಶುಕ್ರವಾರ, ಮನೆಯ ಹಾಲು ಹೊರಗೆ ಕೊಡುವ ದಿನವಲ್ಲ ಎಂದರು. ಸ್ನೇಹಲ್ ಶನಿವಾರ ಬಂದಳು. ಶನಿವಾರ ಅಮಾವಾಸ್ಯೆಯಾಗಿತ್ತು. ಅವಳು ರವಿವಾರವೂ ಬಂದಳು. ಅಷ್ಟರಲ್ಲಿ ವಸ್ತಾದರ ಬಳಿ ಇದ್ದ ಕಾರಣಗಳು ಮುಗಿದಿದ್ದವು.

ಅವಳು ಕೊಟ್ಟಿಗೆಯ ಹೊಸ್ತಿಲಲ್ಲಿ ನಿಂತಳು. ಒಳಗೆ ಬಾ ಎಂದು ವಸ್ತಾದರು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮೇಲಿನ ಓಣಿಯ ಹೊಸ್ತಿಲುಗಳಾಚೆಯೇ ನಿಲ್ಲಿಸುವ ಈ ಮೌನದ ಪರಿಚಯ ಕೃಷ್ಣವ್ವನ ಓಣಿಯವರಿಗೆ ಹಳೆಯದು. ಸ್ನೇಹಲ್ ಅಲ್ಲಿಂದಲೇ ಕೇಳಿದಳು, ಎಮ್ಮೆ ಯಾವಾಗಲಾದರೂ ಕಂದು ಹಾಕಿತ್ತೇ, ಅಂದರೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತ್ತೇ ಎಂದು. ಹಾಕಿತ್ತು. ಕಸ, ಅಂದರೆ ಕರುವಿನ ಹಿಂದೆ ಬೀಳುವ ಮಾಸು, ಬೀಳದಿದ್ದಾಗ ವಸ್ತಾದರ ಮಗ ಸಚಿನ ಬರಿಗೈಯಲ್ಲೇ ಅದನ್ನು ಎಳೆದು ತೆಗೆದು ತಿಪ್ಪೆಗೆ ಎಸೆದಿದ್ದ. ನಾಯಿಗಳು ಉಳಿದ ಕೆಲಸ ಮುಗಿಸಿದ್ದವು.

ಸ್ನೇಹಲ್ ಇನ್ನೊಂದು ಪ್ರಶ್ನೆ ಕೇಳಿದಳು. ಮನೆಯಲ್ಲಿ ಯಾರಿಗಾದರೂ ಸಂಜೆಗೆ ಏರಿ ಬೆಳಗಿಗೆ ಇಳಿಯುವ ಜ್ವರ, ಬೆವರು, ಸೊಂಟ ಕೀಲು ನೋವು ಇದೆಯೇ?

“ಇದು ಪೈಲವಾನರ ಮನಿ ಐತಿ, ದವಾಖಾನಿ ಅಲ್ಲ,” ಎಂದರು ದುಂಡಪ್ಪ.

ಸಚಿನ ಅಲ್ಲೇ ಎಮ್ಮೆಯ ಬೆನ್ನು ತಿಕ್ಕುತ್ತಿದ್ದ. ಮುನವಳ್ಳಿಯ ಕುಸ್ತಿ ಹತ್ತಿರ ಬಂದಿತ್ತು. ಅದರಲ್ಲಿ ಗೆದ್ದರೆ ಮುಂದೆ ದೊಡ್ಡ ಪಂದ್ಯಗಳಿಗೆ ಕರೆ ಬರುತ್ತದೆ ಎಂಬುದು ಮನೆಯವರೆಲ್ಲ ಮಾತಾಡಿಕೊಂಡ ಲೆಕ್ಕ. ತಾಯಿ ದೇವಕ್ಕನಿಗೆ ಬೇರೆ ಲೆಕ್ಕವಿತ್ತು. ಎಷ್ಟೋ ದಿನಗಳಿಂದ ಮಗನ ಹಾಸಿಗೆ ಬೆಳಗಾಗುವಾಗ ಬೆವರಿಗೆ ತೊಯ್ದಿರುತ್ತಿತ್ತು. ಮಗ ಅಪ್ಪನಿಗೆ ಹೇಳಬೇಡ ಎಂದಿದ್ದ. ಜ್ವರದ ಗುಳಿಗೆ ನುಂಗಿ ಕಣಕ್ಕೆ ಇಳಿಯುತ್ತಿದ್ದ, ಎದ್ದು ಬರುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದ.

ದೇವಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದಳು. “ಒಳಗ ಬಾ ಯವ್ವಾ. ಹಾಲು ನಾ ಕೊಡತೇನಿ. ಜ್ವರ ನಮ್ಮ ಸಚ್ಯಾಗ ಬರಾಕತ್ತೈತಿ.”

ಸಚಿನ ತಿಕ್ಕುವುದನ್ನು ನಿಲ್ಲಿಸಿದ. ದುಂಡಪ್ಪ ಮಗನನ್ನು ನೋಡಿದರು. ಎಮ್ಮೆ ಮಾತ್ರ ಮೇವು ತಿನ್ನುತ್ತಲೇ ಇತ್ತು.

ರೋಗವಿಲ್ಲದಿದ್ದರೆ ಪಟ್ಟಿಯ ಮೇಲೆ ಒಂದೇ ಗೆರೆ ಬರಬೇಕಿತ್ತು, ಎರಡು ಬಂದವು. ಸ್ನೇಹಲ್ ತೀರ್ಪು ಕೊಡಲಿಲ್ಲ. ಪಟ್ಟಿ ಸಂಶಯ ಹೇಳುತ್ತದೆ ಅಷ್ಟೆ, ಎಮ್ಮೆಯ ರಕ್ತವನ್ನು ಪಶುವೈದ್ಯರು ನೋಡಬೇಕು, ಸಚಿನನ ರಕ್ತವನ್ನು ತಾಲೂಕು ಆಸ್ಪತ್ರೆಯಲ್ಲಿ ನೋಡಬೇಕು ಎಂದಳು. ಈ ರೋಗದ ಕ್ರಿಮಿ ಹಸಿಹಾಲಿನಲ್ಲೂ ದನದ ಕಸದಲ್ಲೂ ಇರುತ್ತದೆ, ಕುಡಿದರೂ ಬಂದೀತು, ಗಾಯದ ಕೈಯಿಂದ ಮುಟ್ಟಿದರೂ ಬಂದೀತು. ಎಷ್ಟೋ ಸಲ ಇದನ್ನು ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ತಿಳಿದು ಬೇರೆ ಔಷಧ ಕೊಡುವುದುಂಟು, ಬಿಟ್ಟರೆ ಕೀಲಿಗೆ ಇಳಿಯುತ್ತದೆ ಎಂದೂ ಹೇಳಿದಳು.

“ನಮ್ಮಪ್ಪ ಹಸಿಹಾಲು ಕುಡದಾನ, ನಾ ಕುಡದೇನಿ. ನಮಗೇನಾತು?” ಎಂದರು ದುಂಡಪ್ಪ.

“ನಿಮ್ಮಪ್ಪನ ಎಮ್ಮಿಗೆ ಈ ರೋಗ ಇರಲಿಕ್ಕಿಲ್ರಿ ಕಾಕಾರ. ಇದಕ್ಕ ಇದ್ದಂಗ ಕಾಣತೈತಿ,” ಎಂದಳು ಸ್ನೇಹಲ್. “ಹಾಲಿನ ತಾಕತ್ತು ಕಾಸಿದ್ರ ಹೋಗಂಗಿಲ್ರಿ. ಹೋಗೋದು ಕ್ರಿಮಿ.”

ದೇವಕ್ಕ ಗಂಡನ ಒಪ್ಪಿಗೆಗೆ ಕಾಯದೆ ಮಗನನ್ನು ಬೈಲಹೊಂಗಲದ ಬಸ್ಸು ಹತ್ತಿಸಿ ತಾನೂ ಹತ್ತಿದಳು. ರಕ್ತಪರೀಕ್ಷೆ ಪಟ್ಟಿಯ ಮಾತನ್ನೇ ಹೇಳಿತು. ವೈದ್ಯರು ವಾರಗಟ್ಟಲೆ ನುಂಗಬೇಕಾದ ಔಷಧ ಬರೆದು, ಜ್ವರ ನಿಂತಿತೆಂದು ನಡುವೆ ಬಿಟ್ಟರೆ ರೋಗ ಮರಳಿ ಬರುತ್ತದೆ ಎಂದು ಎಚ್ಚರಿಸಿದರು. ಕುಸ್ತಿ ಸದ್ಯಕ್ಕೆ ಬೇಡವೆಂದರು. ಸಚಿನ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ದೇವಕ್ಕ ಊರು ಬರುವ ತನಕ ಅವನ ಮುಖ ನೋಡಲಿಲ್ಲ.

ಎಮ್ಮೆಯ ರಕ್ತದಲ್ಲೂ ರೋಗ ಕಂಡಿತು. ವಸ್ತಾದರಿಗೆ ಹೊಳೆದ ಮೊದಲ ಉಪಾಯ ಸರಳವಾಗಿತ್ತು: ಸುಮ್ಮನೆ ಸವದತ್ತಿ ಕಡೆ ಯಾರಿಗಾದರೂ ಮಾರಿಬಿಡುವುದು. ಹಗ್ಗ ಬಿಚ್ಚಲು ಹೋದಾಗ ದೇವಕ್ಕ ಗೂಟದ ಮುಂದೆ ನಿಂತಿದ್ದಳು.

“ನಮ್ಮ ಮನ್ಯಾಗಿನ ಜ್ವರ ಇನ್ನೊಬ್ಬರ ಮನಿಗೆ ಮಾರತೀರೇನು? ಅಲ್ಲೂ ಒಬ್ಬ ಮಗ ಇರತಾನ. ಬಸುರಿ ಸೊಸಿ ಇರತಾಳ.”

ವಸ್ತಾದರು ಕುಸ್ತಿಯಲ್ಲಿ ಎಷ್ಟೋ ಪಟ್ಟು ಕಂಡವರು. ಇದೂ ಒಂದು ಪಟ್ಟೆಂದು ಗುರುತಿಸಿದರು. ಹಗ್ಗ ಬಿಟ್ಟರು. ಪಶುವೈದ್ಯರು ಹೇಳಿದಂತೆ ಎಮ್ಮೆಯನ್ನು ಉಳಿದ ದನಗಳಿಂದ ಬೇರೆ ಕಟ್ಟಿದರು, ಕೊಟ್ಟಿಗೆಗೆ ಸುಣ್ಣ ಬಳಿದರು.

ಮರುದಿನ ಬೆಳಗ್ಗೆ ಪೈಲವಾನರು ಎಂದಿನಂತೆ ಚೊಂಬು ಹಿಡಿದು ಕೂತಿದ್ದರು. ಹಾಲು ಕೊಟ್ಟಿಗೆಯ ಇನ್ನೊಂದು ಎಮ್ಮೆಯದು. ದುಂಡಪ್ಪ ಅಂಗಳದಲ್ಲಿ ಒಲೆ ಹೂಡಿ ದೊಡ್ಡ ಪಾತೇಲಿ ಇಟ್ಟಿದ್ದರು. ಅವರ ನೆಚ್ಚಿನ ಶಿಷ್ಯ ಯುವರಾಜ ಒಲೆಯನ್ನು ನೋಡಿ ಚೊಂಬು ಕೆಳಗಿಟ್ಟ.

“ವಸ್ತಾದ್ರ, ಹಾಲು ಕಾಸಿದ್ರ ತಾಕತ್ತು ಹೋಗತೈತಿ ಅಂತ ನೀವ ಹೇಳಿದ್ರಿ.”

“ಹೇಳಿದ್ದೆ. ಈಗ ಕಾಸಿ ಕುಡಿ ಅಂತ ಹೇಳಾಕತ್ತೇನಿ. ಆವಾಗ ನನ್ನ ಮಾತು ಕೇಳಿದಿ, ಈಗೂ ಕೇಳು.”

ಯುವರಾಜ ಇನ್ನೇನೋ ಅನ್ನಲಿದ್ದ. ವಸ್ತಾದರು ಸೌಟು ಹಿಡಿದುಕೊಂಡಿದ್ದರು. ಹಾಲು ಚೆನ್ನಾಗಿ ಕುದಿಯುವವರೆಗೆ ಯಾರೂ ಏಳಲಿಲ್ಲ. ಕಾಸಿದ ಹಾಲಿನ ಮೇಲೆ ನೊರೆ ಇರಲಿಲ್ಲ, ಕೆನೆ ಇತ್ತು. ದೂರುಗಳು ಬರಲಿಲ್ಲ.

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಕೊಟ್ಟಿಗೆಯ ಮಾತು. ಹಾಲು ಯಾರದೇ ಇರಲಿ, ಎಷ್ಟೇ ನಂಬಿಕೆಯ ದನದ್ದಾಗಲಿ, ಕುದಿಸದೆ ಬಾಯಿಗೆ ಇಡಬೇಡಿ, ಮಕ್ಕಳಿಗೂ ಕೊಡಬೇಡಿ. ದನ ಕಂದು ಹಾಕಿದರೆ ಪಶುವೈದ್ಯರನ್ನು ಕರೆಸಿ. ಕಸವನ್ನು ಬರಿಗೈಯಲ್ಲಿ ಮುಟ್ಟದೆ, ರಬ್ಬರ್ ಕೈಗವಸು ಹಾಕಿಕೊಂಡು, ಸುಣ್ಣ ಸುರಿದು ಆಳವಾಗಿ ಹೂಳಿ. ಬಸುರಿಯರು ಆ ಕಡೆ ಸುಳಿಯುವುದು ಬೇಡ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಈ ರೋಗದ ಲಸಿಕೆ ಹಾಕಿಸಿ, ಒಂದು ಸಲ ಹಾಕಿಸಿದರೆ ಸಾಕು. ಸಂಜೆಯ ಜ್ವರ ಬಿಡದಿದ್ದರೆ ನಿಮ್ಮ ಮನೆಯಲ್ಲಿ ದನ ಇವೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಮತ್ತು ಯಾರಾದರೂ ಒಂದು ಚಮಚ ಹಾಲು ಕೇಳಿಕೊಂಡು ಬಂದರೆ, ಏಕೆಂದು ಕೇಳಿ, ತಿಳಿದುಕೊಂಡು, ಕೊಡಿ. ಶುಕ್ರವಾರವಾದರೂ ಸರಿ.

ಸಚಿನ ಈ ವರ್ಷ ಮುನವಳ್ಳಿಯ ಕುಸ್ತಿಗೆ ಇಳಿಯಲಿಲ್ಲ. ಔಷಧ ಪೂರ್ತಿ ಮುಗಿಸಿದ. ಜ್ವರ ಬಿಟ್ಟಿದೆ.