ಬಣ್ಣ ಬಿಟ್ಟ ನೇರಳೆ

ಭಾನುವಾರ ಮತ ಎಣಿಸಿದರು, ಮಂಗಳವಾರ ರಾಜ ಮಾಡ್ರಿಡ್ ಬಿಟ್ಟ. ಬುಧವಾರ ಬೆಳಗಾಗುವ ಹೊತ್ತಿಗೆ ವಾಲ್ದೆಸೌಸೆ ಊರಿಗೆ ಒಂದೇ ಚಿಂತೆ: ಹೊಸ ಗಣರಾಜ್ಯದ ಬಾವುಟಕ್ಕೆ ನೇರಳೆ ಬಟ್ಟೆ ಎಲ್ಲಿಂದ ತರೋದು? ಕೆಂಪು ಇತ್ತು, ಹಳದಿ ಇತ್ತು. ಅವು ರಾಜನ ಕಾಲದ ಬಣ್ಣಗಳೇ. ಗಣರಾಜ್ಯಕ್ಕೆ ಮೂರನೆಯ ಪಟ್ಟಿ ನೇರಳೆಯೇ ಆಗಬೇಕು. ಆದರೆ ಈಸ್ಟರ್ ಮುಗಿದು ಹತ್ತು ದಿನವಾಗಿತ್ತಷ್ಟೆ. ಅಂಗಡಿಯಲ್ಲಿದ್ದ ನೇರಳೆಯನ್ನೆಲ್ಲ ಶುಭ ಶುಕ್ರವಾರದ ಮೆರವಣಿಗೆಯ ನಿಲುವಂಗಿಗಳಿಗೆಂದು ಜನ ಆಗಲೇ ಕೊಂಡೊಯ್ದಿದ್ದರು.

ಶಾಲೆಯ ಮೇಷ್ಟ್ರು ದೋನ್ ಎವೆಲಿಯೋ ಈ ಸಲ ನಗರಸಭೆಗೆ ಗೆದ್ದಿದ್ದರು. ಏದುಸಿರು ಬಿಡುತ್ತ ಲೆಯೊಕಾಡಿಯಳ ಹೊಲಿಗೆ ಅಂಗಡಿಗೆ ಬಂದರು. ಬಂದವರು ಲೆಯೊಕಾಡಿಯಳ ಕಡೆ ತಿರುಗಿಯೂ ನೋಡದೆ, ಕಿಟಕಿಯ ಹತ್ತಿರ ಕೂತಿದ್ದ, ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಕಾಸಿಲ್ದಾಳ ಮುಂದೆ ನಿಂತರು.

“ಹನ್ನೆರಡು ಗಂಟೆಗೆ ಏರಿಸ್ಬೇಕಮ್ಮ. ನಿನ್ನ ಕೈ ಚುರುಕು, ಹೊಲ್ಕೊಡ್ತೀಯಾ?”

“ಅಯ್ಯೋ, ಅದಕ್ಕೇನು ಮೇಷ್ಟ್ರೇ! ಬಟ್ಟೆ ಒಂದು ಸಿಕ್ಬಿಡ್ಲಿ,” ಎಂದು ಕಾಸಿಲ್ದಾ ನಕ್ಕಳು. ಆ ನಗುವಿಗೆ ಇಪ್ಪತ್ತಮೂರು ವರ್ಷ.

ಲೆಯೊಕಾಡಿಯಳಿಗೆ ಮೂವತ್ತೊಂಬತ್ತು. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯನ ಅಂಗಿಗಳಿಗೆ ಆರು ವರ್ಷದಿಂದ ಗುಂಡಿ ಹಾಕಿದವಳು ಯಾರು? ಸವೆದ ಕಾಲರ್ ತಿರುಗಿಸಿ ಹೊಲಿದವಳು ಯಾರು? ಕಾಸಿಲ್ದಾಳಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳಾದರೂ ಯಾರು? ಗಣರಾಜ್ಯ ಬಂದ ದಿನ ಮಾತ್ರ ಮೇಷ್ಟ್ರ ಕಣ್ಣಿಗೆ ಚಿಕ್ಕವಳೇ ಬೀಳಬೇಕು! ಹೊಟ್ಟೆ ಧಗಧಗ ಉರಿಯಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ನಿಜ, ಅವಳಿಗೆ ಆ ಹೊತ್ತಿನಲ್ಲಿ ಅವರಿಬ್ಬರ ಮಾತೆಲ್ಲ ಸರಸದ ಹಾಗೆಯೇ ಕೇಳಿತು.

“ಬಟ್ಟೆ ನನ್ಹತ್ರ ಇದೆ,” ಅಂದುಬಿಟ್ಟಳು.

ಒಳಗೆ ಹೋಗಿ ಪೆಟ್ಟಿಗೆಯಿಂದ ತೀರಿಹೋದ ಅಪ್ಪನ ಹರಕೆಯ ನಿಲುವಂಗಿ ತಂದಳು. ಮೂವತ್ತು ವರ್ಷ ಅಪ್ಪ ಅದನ್ನು ತೊಟ್ಟು ಬರಿಗಾಲಲ್ಲಿ ಶಿಲುಬೆ ಹೊತ್ತಿದ್ದ. ಬಿಸಿಲಿಗೆ ಮಾಸಿ ಬೂದು ಬಣ್ಣವಾಗಿದ್ದುದನ್ನು ಈ ವರ್ಷ ಅಣ್ಣನಿಗೆಂದು ಅವಳೇ ಮನೆಯಲ್ಲಿ ಬಣ್ಣದಲ್ಲಿ ಅದ್ದಿದ್ದಳು. ಬಣ್ಣ ನಿಲ್ಲಲು ಉಪ್ಪು, ವಿನಿಗರ್ ಹಾಕಿ ಕುದಿಸಬೇಕಿತ್ತು, ಅವಸರದಲ್ಲಿ ಆಗಲಿಲ್ಲ. ಮೆರವಣಿಗೆಯ ದಿನ ಮಳೆ ಬಾರದ್ದಕ್ಕೆ ಮಾನ ಉಳಿಯಿತು. ಬರೀ ಬೆವರಿಗೇ ಅಣ್ಣನ ಕತ್ತು ಬದನೆಕಾಯಿ ಬಣ್ಣವಾಗಿತ್ತು. ಒಂದು ತೊಟ್ಟು ನೀರು ಬಿದ್ದರೆ ಈ ಬಟ್ಟೆ ಏನಾಗುತ್ತದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಾಸಿಲ್ದಾ ಬಟ್ಟೆಯನ್ನು ಬೆಳಕಿಗೆ ಹಿಡಿದಳು. “ಅಕ್ಕಾ, ಒಂಚೂರು ಒದ್ದೆ ಮಾಡಿ ನೋಡೋಣ್ವಾ? ಬಣ್ಣ ಬಿಟ್ರೆ ಕಷ್ಟ.”

“ಒಣಗೋಕೆ ಟೈಮೆಲ್ಲಿದೆ? ನಂಗೆ ಪಾಠ ಹೇಳ್ಬೇಡ, ಕತ್ತರಿಸು.”

“ನಿಮ್ಮಪ್ಪನ ಅಂಗಿ ಅಲ್ವಾ ಅಕ್ಕಾ ಇದು? ಕತ್ತರಿಸ್ಲಾ?”

“ಕತ್ತರಿಸು ಅಂದ್ನಲ್ಲ!”

ಕಾಸಿಲ್ದಾ ಕತ್ತರಿಸಿದಳು. ಅವಳ ಕಣ್ಣಲ್ಲಿ ನೀರಾಡಿದ್ದು ಕಂಡು ಲೆಯೊಕಾಡಿಯಳಿಗೆ ಇನ್ನಷ್ಟು ಮೈ ಉರಿಯಿತು. ಅಳೋದಕ್ಕೂ ಇವಳೇ ಮುಂದೆ! ಹೊರಗೆ ಬಂದು ಆಕಾಶ ನೋಡಿದಳು. ಬೆಟ್ಟದ ಕಡೆ ಮೋಡ ದಟ್ಟೈಸಿತ್ತು. ದೇವರೇ, ಮಳೆ ಬರಲಿ, ಎಂದು ಬೇಡಿಕೊಂಡಳು. ಊರವರ ಎದುರಿಗೆ ಕಾಸಿಲ್ದಾಳ ಕೈಚಳಕ ಹರಿದು ಚರಂಡಿ ಸೇರಲಿ.

ಹನ್ನೆರಡಕ್ಕೆ ಚೌಕದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ನಗರಸಭೆಯ ಬಾಲ್ಕನಿಯಲ್ಲಿ ಮೇಷ್ಟ್ರು ಬಾವುಟ ಬಿಚ್ಚಿದರು. ಹೆಂಗಸರು ಕೂಗಿದರು, ಮುದುಕರು ಟೋಪಿ ಎಸೆದರು. ಲೆಯೊಕಾಡಿಯ ಕಂಬಕ್ಕೆ ಒರಗಿ ನಿಂತಳು. ಈಗ ಕಾಸಿಲ್ದಾಳ ಹೆಸರು ಹೇಳ್ತಾರೆ, ಈಗ ಮೇಲೆ ಕರೀತಾರೆ ಎಂದು ಕಾಯುತ್ತಾ ಸೆರಗಿನಂತೆ ಹೊದ್ದ ಶಾಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿದಳು.

“ಈ ಬಾವುಟಕ್ಕೆ,” ಎಂದರು ಮೇಷ್ಟ್ರು, “ಒಬ್ಬ ಮಗಳು ತನ್ನ ತಂದೆಯ ಹರಕೆ ಅಂಗೀನೇ ಕತ್ತರಿಸಿ ಕೊಟ್ಟಿದ್ದಾಳೆ. ಹೊಲಿದ ಹುಡುಗಿ ತನ್ನ ಹೆಸರು ಬೇಡ, ಅವರ ಹೆಸರೇ ಹೇಳಿ ಅಂತ ಹಟ ಹಿಡಿದಳು. ಲೆಯೊಕಾಡಿಯ ರೊಮೆರಾಲ್, ಮೇಲೆ ಬನ್ನಿ!”

ಕಾಸಿಲ್ದಾ ಎಲ್ಲಿಂದಲೋ ನುಗ್ಗಿ ಬಂದು ಬೆನ್ನು ದೂಡಿದಳು. “ಹೋಗಕ್ಕಾ! ಕಾಯ್ತಿದಾರೆ ನೋಡು. ಹೋಗು ಅಂದ್ರೆ!”

ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಮೇಷ್ಟ್ರು ಅವಳ ಮೊಣಕೈ ಹಿಡಿದು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಆರು ವರ್ಷ ಬಯಸಿದ ಕೈ. “ನಿಮ್ಮ ಮನಸ್ಸು ಇಷ್ಟು ದೊಡ್ಡದು ಅಂತ ನಂಗೆ ಗೊತ್ತಿರಲಿಲ್ಲ,” ಎಂದು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಅವಳ ಮೂಗಿನ ಮೇಲೆ ಒಂದು ಹನಿ ಬಿತ್ತು.

ಬೇಡ ದೇವರೇ, ಈಗ ಬೇಡ! ದೇವರು ಮೊದಲಿನ ಪ್ರಾರ್ಥನೆಯನ್ನೇ ನಡೆಸಿಕೊಟ್ಟ. ತುಂತುರು ಜೋರಾಯಿತು. ನೇರಳೆ ಪಟ್ಟಿಯಿಂದ ಬಣ್ಣ ಇಳಿಯತೊಡಗಿತು. ಗಾಳಿಗೆ ಬಾವುಟ ಮಡಚಿಕೊಂಡಾಗ ಹಳದಿಗೂ ಹತ್ತಿತು, ಗೋಡೆಯ ಸುಣ್ಣದ ಮೇಲೆ ಹರಿಯಿತು, ಕೆಳಗೆ ಮೇಯರ್‌ನ ಹೆಂಡತಿಯ ಹ್ಯಾಟಿನ ಮೇಲೂ ತೊಟ್ಟಿಕ್ಕಿತು.  ಚೌಕದಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ರಾಜ ಹೋಗಿ ಇನ್ನೂ ಒಂದಿನ ಆಗಿಲ್ಲ, ಆಗಲೇ ಬಣ್ಣ ಬಯಲಾಯ್ತಲ್ಲಪ್ಪ!”

ಆಗ ಕೆಳಗಿನಿಂದ ಕಾಸಿಲ್ದಾ ಕೂಗಿದಳು: “ತಪ್ಪು ನಂದು ಕಣ್ರೀ! ಅಕ್ಕನನ್ನ ಏನೂ ಅನ್ಬೇಡಿ. ಬಟ್ಟೆ ನೆನೆಸಿ ನೋಡ್ದೆ ಹೊಲಿದೋಳು ನಾನು!”

ನಗು ನಿಂತಿತು. “ಪಾಪ, ಹುಡುಗಿ,” ಎಂದಿತು ಒಂದು ದನಿ. ಯಾರೋ ಅವಳಿಗೆ ಕೊಡೆ ಹಿಡಿದರು. ಮೇಷ್ಟ್ರೂ ಕಟಕಟೆಯಿಂದ ಬಾಗಿ ಅವಳನ್ನೇ ನೋಡಿದರು, ಕರುಣೆಯಿಂದ, ಮೆಚ್ಚುಗೆಯಿಂದ.

ಲೆಯೊಕಾಡಿಯ ಸುಮ್ಮನಿದ್ದಿದ್ದರೆ ಸಾಕಿತ್ತು. ಎಲ್ಲ ಉಳಿಯುತ್ತಿತ್ತು. ಆದರೆ ಆ ನೋಟವನ್ನು ಸಹಿಸುವುದು ಅವಳಿಂದ ಆಗಲಿಲ್ಲ. ಒಳ್ಳೆಯತನವೂ ಆ ಹುಡುಗಿಯದೇ, ತಪ್ಪೂ ಅವಳದೇ, ಮೇಷ್ಟ್ರ ಕಣ್ಣೂ ಅವಳ ಮೇಲೇ!

“ಬಾಯ್ಮುಚ್ಚೇ!” ಎಂದು ಕಿರುಚಿದಳು. “ನಿಂದಲ್ಲ ತಪ್ಪು, ನಂದು! ಬಣ್ಣ ಬಿಡುತ್ತೆ ಅಂತ ಗೊತ್ತಿದ್ದೂ ನಾನೇ ಕೊಟ್ಟೆ. ನಿನ್ನ ಮಾನ ಹೋಗ್ಲಿ ಅಂತ ಕೊಟ್ಟೆ!”

ಮೇಷ್ಟ್ರು ಅವಳ ಮೊಣಕೈ ಬಿಟ್ಟರು.